ಅಪ್‌ಡೇಟ್: ಅಮ್ಮನ ಏದುಸಿರಿಗೆ ಕಾರಣ ಸಿಕ್ಕಿತು

ಬೀಡಿ, ಸಿಗರೇಟು ಮುಟ್ಟದ ಅಮ್ಮನಿಗೆ ವರ್ಷಗಳಿಂದ ಕೆಮ್ಮು, ಕಫ, ಮೆಟ್ಟಿಲು ಹತ್ತಿದರೆ ಏದುಸಿರು; ಇದು ಆಸ್ತಮಾವೇ ಎಂದು ಇಲ್ಲಿ ಕೇಳಿದ್ದೆ. ಅಲ್ಲ, ಸಿಒಪಿಡಿ; ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿ ಸರಾಗವಾಗಿ ಹೊರಬರದ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ.

‘ಸ್ಪೈರೋಮೆಟ್ರಿ ಮಾಡಿಸಿ’ ಎಂದವರಿಗೆ ಮೊದಲ ನಮಸ್ಕಾರ. ಕೊಳವೆಯೊಳಗೆ ಜೋರಾಗಿ ಊದಿಸಿ, ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು ಮತ್ತೆ ಊದಿಸಿದರು. ಆಗಲೂ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ ಶೇ 70ಕ್ಕಿಂತ ಕಡಿಮೆಯೇ ಇತ್ತು; ಅಂದರೆ ಔಷಧಿ ಕೊಟ್ಟರೂ ಶ್ವಾಸನಾಳದ ಅಡಚಣೆ ಪೂರ್ತಿ ಹೋಗಿರಲಿಲ್ಲ, ಅದೇ ಸಿಒಪಿಡಿಯ ಗುರುತು.

ನನ್ನನ್ನು ಬೆಚ್ಚಿಬೀಳಿಸಿದ್ದು ಕಾರಣ: ಸೌದೆ ಒಲೆಯ ಹೊಗೆ. ಮದುವೆಯಾಗಿ ಬಂದಾಗಿನಿಂದ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಊದುಗೊಳವೆ ಹಿಡಿದು ಕುಳಿತವರು ಅವರು. ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ ತೆಂಗಿನ ಗರಿಯದೇ ಉರಿ. ಈಗ ಅದನ್ನೂ ನಿಲ್ಲಿಸಿದ್ದೇವೆ.

ಹಬೆ, ಕಷಾಯದಿಂದ ಗಂಟಲಿಗೆ ಹಿತವಾಯಿತೇ ಹೊರತು ಏದುಸಿರು ತಗ್ಗಲಿಲ್ಲ. ಕೆಮ್ಮಿನ ಸಿರಪ್ಪಿನದೂ ಅದೇ ಕಥೆ. ಫಲ ಕೊಟ್ಟದ್ದು ಇನ್ಹೇಲರನ್ನು ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ) ಜೊತೆ ಬಳಸುವ ಸಲಹೆ; ಔಷಧಿ ಗಂಟಲಿಗೇ ಅಂಟಿಕೊಳ್ಳದೆ ಶ್ವಾಸಕೋಶಕ್ಕೆ ಹೆಚ್ಚು ತಲುಪುತ್ತದೆ. ಸ್ಟೀರಾಯ್ಡ್ ಇರುವ ಇನ್ಹೇಲರಾದರೆ ಆಮೇಲೆ ಬಾಯಿ ಮುಕ್ಕಳಿಸಲೇಬೇಕು. ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನೂ ಕಲಿತಿದ್ದಾರೆ. ಹಿತ್ತಲವರೆಗೆ ನಿಲ್ಲದೆ ನಡೆಯುತ್ತಾರೆ.

ಹಾಳಾದ ಶ್ವಾಸಕೋಶ ಮೊದಲಿನಂತಾಗದು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮುಂದಿನ ವಾರ ಫ್ಲೂ ಲಸಿಕೆ ಹಾಕಿಸುತ್ತೇವೆ.