ಎ-0 ಪೋಸ್ಟರ್ ತುಂಬಾ ಒತ್ತಾಗಿದೆ, ಏನು ತೆಗೆಯಲಿ? ಹಾಸನದಲ್ಲೇ ಪ್ರಿಂಟ್ ಮಾಡಿಸಬಹುದಾ?

ಕಾರೆಕೆರೆ_ಕೃಷಿ
ನಮಸ್ಕಾರ. ಎಂ.ಎಸ್ಸಿ. ಪ್ರಯೋಗ, ಮುಂಗಾರು ಆಲೂಗಡ್ಡೆ, ಕುಫ್ರಿ ಜ್ಯೋತಿ ತಳಿ. ಅಂಗಮಾರಿ ರೋಗಕ್ಕೆ ಮ್ಯಾಂಕೋಜೆಬ್ (ಶಿಲೀಂಧ್ರನಾಶಕ) ಸಿಂಪಡಣೆ ಯಾವಾಗ ಶುರು ಮಾಡಬೇಕು ಅನ್ನೋದು ವಿಷಯ. ಸಮ್ಮೇಳನಕ್ಕೆ ಕನ್ನಡದಲ್ಲೇ ಪೋಸ್ಟರ್, ಎ-0, ಉದ್ದುದ್ದ. ಪವರ್‌ಪಾಯಿಂಟ್‌ನಲ್ಲಿ ಸಾರಾಂಶ, ಪೀಠಿಕೆ, ವಿಧಾನ, ಎರಡು ಕೋಷ್ಟಕ, ನಾಲ್ಕು ಗ್ರಾಫ್ ಎಲ್ಲ ಹಾಕಿದ್ದೇನೆ, 1,400 ಪದ ಆಗಿದೆ. ಯಾವುದನ್ನು ತೆಗೆಯೋದು? ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿದರೆ ನಡೆಯುತ್ತಾ?

ಮೂಡಿಗೆರೆ_ಮಳೆ
ಮೊದಲು ಸಾರಾಂಶ ತೆಗೀರಿ. ಅದು ಸಮ್ಮೇಳನದ ಪುಸ್ತಕದಲ್ಲಿ ಹೇಗೂ ಅಚ್ಚಾಗಿರುತ್ತೆ. ಗ್ರಾಫ್‌ನಲ್ಲಿರುವ ಅಂಕಿಯನ್ನೇ ಕೋಷ್ಟಕ ಮತ್ತೆ ಹೇಳುತ್ತಿದ್ದರೆ ಅದೂ ಬೇಡ, ಸಿ.ಡಿ. ಮೌಲ್ಯವನ್ನು (ವ್ಯತ್ಯಾಸ ನಿಜ ಅನ್ನಲು ಬೇಕಾದ ಕನಿಷ್ಠ ಅಂತರ) ಮಾತ್ರ ಗ್ರಾಫ್‌ನ ಕೆಳಗೆ ತನ್ನಿ. ಪದಗಳು 500ರ ಆಸುಪಾಸಿಗೆ ಇಳಿಯಬೇಕು.

ಶೀರ್ಷಿಕೆಯಲ್ಲಿ "ಪರಿಣಾಮದ ಒಂದು ಅಧ್ಯಯನ" ಅಂತ ಬರೆದರೆ ಓದುವವನ ಕೈಗೆ ಏನೂ ಸಿಗಲ್ಲ. ನಿಮ್ಮ ಅಂಕಿ ಒಪ್ಪಿದರೆ "ರೋಗ ಕಾಣುವ ಮೊದಲೇ ಸಿಂಪಡಿಸಿದ ತಾಕುಗಳಲ್ಲಿ ಅಂಗಮಾರಿ ಕಡಿಮೆ" ಅಂತ ನೇರವಾಗಿ ಬರೀರಿ. ಈ ಮಾತನ್ನು ಸಾಬೀತು ಮಾಡುವ ಗ್ರಾಫ್ ಯಾವುದೋ ಅದು ನಡುವೆ, ದೊಡ್ಡದಾಗಿ ಬರಲಿ. ಅದಕ್ಕೆ ಬೆಂಬಲವಾಗಿ ಇನ್ನೊಂದು ಸಾಕು, ಇಳುವರಿಯದ್ದು ಇರಬಹುದು.

ನಮ್ಮ ಕೃಷಿ ಪೋಸ್ಟರ್‌ಗಳ ದೊಡ್ಡ ಕಾಯಿಲೆ ಅಂದರೆ ಉಪಚಾರಗಳಿಗೆ ಟಿ1, ಟಿ2, ಟಿ3 ಅಂತ ಸಂಕೇತ ಇಡೋದು. ಟಿ2 ಅಂದರೆ ಏನು ಅಂತ ಹುಡುಕಲು ಓದುವವರು ವಿಧಾನದ ಭಾಗಕ್ಕೆ ಹೋಗಿ ಬರಬೇಕು, ಯಾರೂ ಹೋಗಲ್ಲ. "ರೋಗಕ್ಕೆ ಮೊದಲೇ", "ರೋಗ ಕಂಡ ಮೇಲೆ", "ಸಿಂಪಡಣೆ ಇಲ್ಲ" ಅಂತ ಆಯಾ ಗೆರೆಯ ತುದಿಯಲ್ಲೇ ಬರೀರಿ. ಅಡ್ಡ ಅಕ್ಷದಲ್ಲಿ ಬಿತ್ತನೆಯ ನಂತರದ ದಿನಗಳು, ಸಿಂಪಡಿಸಿದ ದಿನಕ್ಕೆ ಸಣ್ಣ ಬಾಣ. ದೋಷಪಟ್ಟಿ (ಎರರ್ ಬಾರ್, ಬಿಂದುವಿನ ಮೇಲೆ-ಕೆಳಗೆ ಏರಿಳಿತ ತೋರಿಸುವ ಗೆರೆ) ಹಾಕಿದರೆ ಅದು ಪ್ರಮಾಣ ವಿಚಲನೆಯೋ ಪ್ರಮಾಣ ದೋಷವೋ, ಎಷ್ಟು ಪುನರಾವರ್ತನೆ ಅನ್ನೋದನ್ನು ಅಡಿಬರಹದಲ್ಲಿ ಹೇಳಲೇಬೇಕು. ವಿಧಾನಕ್ಕೆ ತಾಕುಗಳ ನಕ್ಷೆ, ಜೊತೆಗೆ ನಾಲ್ಕು ಸಾಲು.

ಅಚ್ಚುಮೊಳೆ
ಅಳತೆ ಮತ್ತು ಪ್ರಿಂಟ್ ಬಗ್ಗೆ ನಾನು ಹೇಳ್ತೀನಿ.

ಸ್ಲೈಡ್ ಅಳತೆ 841 × 1189 ಮಿ.ಮೀ. ಅಂತ ಮೊದಲೇ ಕೊಡಿ. ಎಲ್ಲ ಜೋಡಿಸಿದ ಮೇಲೆ ಬದಲಾಯಿಸಿದರೆ ಬಾಕ್ಸುಗಳೆಲ್ಲ ಅಲ್ಲಾಡುತ್ತವೆ. ಶೀರ್ಷಿಕೆ 90 ಪಾಯಿಂಟ್, ಉಪಶೀರ್ಷಿಕೆ 44, ಪಠ್ಯ 28ರಿಂದ 30, ಅಡಿಬರಹ 24ಕ್ಕಿಂತ ಕಡಿಮೆ ಬೇಡ. ಕನ್ನಡಕ್ಕೆ ಸಾಲಿನ ಅಂತರ 1.2ರಿಂದ 1.3 ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಪರೀಕ್ಷೆಗೆ ಒಂದು ಎ-4 ಪ್ರಿಂಟ್ ತೆಗೀರಿ. ಎಲ್ಲ ಕಾಲು ಭಾಗಕ್ಕೆ ಇಳಿದು 28 ಪಾಯಿಂಟ್ 7 ಆಗಿರುತ್ತೆ. ಅದನ್ನು ಕೈಯಲ್ಲಿ ಹಿಡಿದು ಕಷ್ಟಪಡದೆ ಓದಲು ಆದರೆ ದೊಡ್ಡದೂ ಓದಲು ಬರುತ್ತೆ.

ಫ್ಲೆಕ್ಸ್ ಅಂಗಡಿಯಲ್ಲಿ ಲೆಕ್ಕ ಅಡಿಯಲ್ಲಿ. ಎ-0 ಕೊಟ್ಟರೆ "3×4 ಮಾಡ್ತೀನಿ" ಅಂತಾರೆ. ಎ-0 ಅನುಪಾತ 1:1.414, ಅವರದ್ದು 1:1.333. ಎಳೆದು ಕೂರಿಸಿದರೆ ಅಕ್ಷರ, ಫೋಟೊ ಎಲ್ಲ ಅಡ್ಡಕ್ಕೆ ಊದಿಕೊಳ್ಳುತ್ತೆ. "ಎಳೀಬೇಡಿ, ಸುತ್ತ ಬಿಳಿ ಬಿಟ್ಟು ಕತ್ತರಿಸಿ" ಅಂತ ಬಾಯಿಬಿಟ್ಟು ಹೇಳಿ. 3×4 ಅಡಿಯನ್ನೇ ಇಟ್ಟುಕೊಳ್ಳೋದಾದರೆ ಸಮ್ಮೇಳನದ ಬೋರ್ಡ್ ಅಷ್ಟು ಅಗಲ ಇದೆಯಾ ಕೇಳಿಕೊಳ್ಳಿ.

ಅಂಗಡಿಗೆ ಪಿಪಿಟಿ ಕೊಡಬೇಡಿ, ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅವರು ಕೋರೆಲ್‌ಡ್ರಾದಲ್ಲಿ ತೆರೆದಾಗ ಪಕ್ಕದಲ್ಲೇ ನಿಂತು ಒತ್ತಕ್ಷರಗಳನ್ನು ನೋಡಿ. ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. 20 ಸೆಂ.ಮೀ. ಅಗಲದ ಎಲೆಯ ಫೋಟೊಗೆ ಕನಿಷ್ಠ 1,200 ಪಿಕ್ಸೆಲ್ ಅಗಲ ಬೇಕು.

ಮಾಮೂಲಿ ಫ್ಲೆಕ್ಸ್ ಹೊಳೆಯುತ್ತೆ, ಸಣ್ಣ ಅಕ್ಷರದ ಅಂಚು ಮಸುಕಾಗುತ್ತೆ. ಮ್ಯಾಟ್ ಪೇಪರ್ ಅಥವಾ ಮ್ಯಾಟ್ ವಿನೈಲ್ ಸಿಕ್ಕರೆ ಅದೇ ಮಾಡಿಸಿ. ಮಡಚಬೇಡಿ, ಸುತ್ತಿ ಕೊಳವೆಯಲ್ಲಿಡಿ.

ಕಾರೆಕೆರೆ_ಕೃಷಿ
ಇಬ್ಬರಿಗೂ ಥ್ಯಾಂಕ್ಸ್. ಆರೋಗ್ಯದ ಗಿಡಕ್ಕೆ ಹಸಿರು, ರೋಗಕ್ಕೆ ಕೆಂಪು ಗೆರೆ ಹಾಕಿದ್ದೇನೆ. ಹಿನ್ನೆಲೆಗೆ ಆಲೂಗಡ್ಡೆ ಹೊಲದ ಫೋಟೊ ಇದೆ. ಕ್ಯೂಆರ್ ಕೋಡ್ ಹಾಕಬಹುದಾ?

ಮೂಡಿಗೆರೆ_ಮಳೆ
ಹೊಲದ ಫೋಟೊ ದಯವಿಟ್ಟು ತೆಗೀರಿ, ಅದರ ಮೇಲೆ ಯಾವ ಅಕ್ಷರವೂ ನಿಲ್ಲಲ್ಲ. ಬಿಳಿ ಹಿನ್ನೆಲೆ ಸಾಕು. ಕೆಂಪು-ಹಸಿರು ವ್ಯತ್ಯಾಸ ತಿಳಿಯದ ಗಂಡಸರು ಕಡಿಮೆಯೇನಿಲ್ಲ. ಕಡು ನೀಲಿ ಮತ್ತು ಕಿತ್ತಳೆ ಹಾಕಿ. ಒಂದರ ಬಿಂದು ವೃತ್ತ, ಇನ್ನೊಂದರದ್ದು ತ್ರಿಕೋನ ಇರಲಿ, ಕಪ್ಪು-ಬಿಳುಪು ಜೆರಾಕ್ಸ್‌ನಲ್ಲೂ ಗೊತ್ತಾಗುತ್ತೆ.

ಕ್ಯೂಆರ್ ಹಾಕಿ, 6 ಸೆಂ.ಮೀ. ಚೌಕ, ಸುತ್ತ ಬಿಳಿ ಅಂಚು. ತೀರಾ ಕೆಳಮೂಲೆ ಬೇಡ, ಜನ ಬಗ್ಗಬೇಕಾಗುತ್ತೆ. ತೆಗೆದ ಕೋಷ್ಟಕಗಳು, ಆಕರಗಳು ಎಲ್ಲ ಅದರ ಹಿಂದಿನ ಪಿಡಿಎಫ್‌ಗೆ ಹೋಗಲಿ. ಡ್ರೈವ್ ಲಿಂಕ್ ಆದರೆ ಯಾರು ಬೇಕಾದರೂ ನೋಡುವ ಹಾಗೆ ಅನುಮತಿ ಕೊಟ್ಟು, ಪ್ರಿಂಟ್‌ಗೆ ಮೊದಲು ಬೇರೆಯವರ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.