ಪದಚರ್ಚೆ: ಸ್ಫೂರ್ತಿಯ ಎರಡನೆಯ ಹಂತಕ್ಕೆ ‘ಕಾವು’ ಸರಿಯೋ, ‘ಮಾಗು’ ಸರಿಯೋ?

ಮಾನ್ಯರೇ,

ಹೊಸ ಕಲ್ಪನೆಯೊಂದು ಮನಸ್ಸಿನಲ್ಲಿ ಮೊಳೆತು ಕೃತಿಯಾಗುವವರೆಗಿನ ಹಂತಗಳನ್ನು ಸಾಂಕೇತಿಕವಾಗಿ ತೋರಿಸುವ ನಾಲ್ಕು ಸೆರಾಮಿಕ್ ಶಿಲ್ಪಗಳಿಗೆ ಕನ್ನಡದ ಹೆಸರುಗಳನ್ನು ಗೊತ್ತುಮಾಡಬೇಕಾಗಿದೆ. ಹಂತಗಳ ಈ ವಿಂಗಡಣೆಯನ್ನು ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಮುಂದಿಟ್ಟರು: ಮೊದಲು ಸಿದ್ಧತೆ, ಆಮೇಲೆ ವಿಷಯವನ್ನು ಬದಿಗಿಟ್ಟು ಮರೆತಂತಿರುವ ಕಾಲ, ಅನಂತರ ಥಟ್ಟನೆ ಹೊಳೆಯುವ ಗಳಿಗೆ, ಕೊನೆಗೆ ಹೊಳೆದದ್ದನ್ನು ಪರಿಶೀಲಿಸಿ ತಿದ್ದುವ ಕೆಲಸ. ಮೊದಲನೆಯದಕ್ಕೆ ‘ಹದ’ ಎಂಬ ಹೆಸರು ತಕರಾರಿಲ್ಲದೆ ಒಪ್ಪುತ್ತದೆ. ತೊಡಕಿರುವುದು ಎರಡನೆಯದರಲ್ಲಿ.

ಆ ಶಿಲ್ಪವು ಬಾಯಿಲ್ಲದ, ಮೊಟ್ಟೆಯಾಕಾರದ ಒಂದು ಪಾತ್ರೆ. ಅದಕ್ಕೆ ಮೆರುಗು (ಸುಟ್ಟಾಗ ಗಾಜಿನಂತೆ ಹೊಳೆಯುವ ಲೇಪ) ಹಚ್ಚಿಲ್ಲ, ಬುಡದ ಹತ್ತಿರ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ತೂತೊಂದಿದೆ. ಪೂರ್ತಿ ಮುಚ್ಚಿದ ಟೊಳ್ಳು ವಸ್ತುವನ್ನು ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ, ಇಟ್ಟರೆ ಉಳಿದ ತೇವವು ಆವಿಯಾಗಿ, ಹೊರಬರಲು ದಾರಿ ಸಿಗದೆ ಗೋಡೆಯನ್ನೇ ಸಿಡಿಸಬಹುದಾದ್ದರಿಂದ ಆ ತೂತು ಕಸುಬಿನ ಅಗತ್ಯ. ನೋಡುವವರು ಅದನ್ನೂ ಸಂಕೇತವಾಗಿಯೇ ಓದುತ್ತಾರೆ, ಓದಿದರೆ ತಪ್ಪೇನಿಲ್ಲ.

ಇದನ್ನು ಕಂಡೊಡನೆ ನಾಲಿಗೆಗೆ ಬರುವ ಪದ ‘ಕಾವು’. ಕೋಳಿ ಕಾವಿಗೆ ಕೂರುವುದು ಎಲ್ಲರಿಗೂ ಗೊತ್ತಿರುವ ಬಳಕೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು ‘ಕಾಯು’ ಎಂಬ ಕ್ರಿಯಾಪದ: ನೀರು ಕಾಯುತ್ತದೆ, ನಾವು ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಬಿಸಿಯಾಗು ಎಂಬ ಅರ್ಥದ ಧಾತುವನ್ನೂ ರಕ್ಷಿಸು ಎಂಬ ಅರ್ಥದ ಧಾತುವನ್ನೂ ನಿಘಂಟುಕಾರರು ಬೇರೆಬೇರೆಯೆಂದೇ ಎಣಿಸುತ್ತಾರಾದರೂ, ಕೇಳುವ ಕಿವಿಗೆ ಈ ಅರ್ಥಗಳೆಲ್ಲ ಒಂದೇ ಉಸಿರಿನಲ್ಲಿ ತಾಗುತ್ತವೆ, ಮತ್ತು ಎರಡನೆಯ ಹಂತಕ್ಕೆ ಬೇಕಾಗಿರುವುದೂ ಅಷ್ಟೇ.

ಹೀಗಿದ್ದೂ ಮಣ್ಣಿನ ಕೆಲಸ ಬಲ್ಲವರು ಈ ಹೆಸರಿಗೆ ಆಕ್ಷೇಪಿಸುತ್ತಾರೆ, ಮತ್ತು ಅವರ ಆಕ್ಷೇಪದಲ್ಲಿ ಹುರುಳಿದೆ. ಅವರ ಕೆಲಸದ ಕ್ರಮದಲ್ಲಿ ಬಿಸಿ ಇಷ್ಟು ಬೇಗ ಬರುವುದಿಲ್ಲ. ಕಲಸಿದ ಮಣ್ಣನ್ನು ತೇವ ಆರದಂತೆ ಮುಚ್ಚಿ ವಾರಗಟ್ಟಲೆ ಸುಮ್ಮನೆ ಬಿಟ್ಟರೆ ನೀರು ಕಣಕಣಕ್ಕೂ ಇಳಿದು, ಬಾಗಿಸಿದರೆ ಬಿರಿಯದಷ್ಟು ಮಣಿಯುವ ಗುಣ ಅದಕ್ಕೆ ಬರುತ್ತದೆ. ಯಾರೂ ಕೈಯಾಡಿಸದೆ ನಡೆಯುವ ಈ ಬದಲಾವಣೆಯೇ ಎರಡನೆಯ ಹಂತಕ್ಕೆ ನಿಜವಾದ ಸಾಟಿ. ಇದಕ್ಕೆ ‘ಮಾಗು’ ಎಂಬ ಪದವೇ ಹತ್ತಿರ. ಬೆಂಕಿಯ ಸರದಿ ಮೂರನೆಯ ಹಂತದ್ದು. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಜೇಡಿಮಣ್ಣಿನ ಖನಿಜದೊಳಗೆ ರಾಸಾಯನಿಕವಾಗಿ ಬೆಸೆದಿದ್ದ ನೀರೂ ಹೊರಟುಹೋಗಿರುತ್ತದೆ. ಆಮೇಲೆ ಎಷ್ಟೇ ನೆನೆಹಾಕಿದರೂ ಅದು ಮತ್ತೆ ಕೆಸರಾಗುವುದಿಲ್ಲ. ಒಮ್ಮೆ ಹೊಳೆದದ್ದು ಹೊಳೆಯದಂತಾಗದು ಎಂಬುದನ್ನು ಹೇಳಲು ಇದಕ್ಕಿಂತ ತಕ್ಕ ಸಂಕೇತ ನನಗೆ ತೋಚದು. ಎರಡನೆಯದನ್ನು ‘ಕಾವು’ ಎಂದು ಕರೆದರೆ ಮೂರನೆಯದರ ಬೆಂಕಿಯನ್ನು ಮೊದಲೇ ಖರ್ಚು ಮಾಡಿದಂತಾಗುತ್ತದೆ. ಕನ್ನಡವು ಕಾಯುವುದು, ಬೇಯುವುದು, ಸುಡುವುದು ಎಂದು ಬಿಸಿಯ ಮಟ್ಟಗಳನ್ನು ಬೇರ್ಪಡಿಸುತ್ತದಲ್ಲ, ಆದ್ದರಿಂದ ಗೊಂದಲವಾಗದು ಎಂದು ವಾದಿಸುವವರೂ ಇದ್ದಾರೆ. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ.

ಮೂರನೆಯ ಶಿಲ್ಪದಲ್ಲಿ ಅದೇ ಮೊಟ್ಟೆ ಬಿರಿದಿದೆ, ಒಳಮೈಗೆ ಮಾತ್ರ ಮೆರುಗಿದೆ. ಕೋಬಾಲ್ಟ್ ಕಾರ್ಬೊನೇಟ್ ಬೆರೆಸಿದ ಆ ಮೆರುಗು ಹಚ್ಚುವಾಗ ಮಾಸಲು ನಸುನೇರಳೆಯಾಗಿದ್ದು, ಆವಿಗೆಯಿಂದ ಹೊರಬರುವಾಗ ಗಾಢ ನೀಲಿಯಾಗಿರುತ್ತದೆ. ಪ್ರತಿಭೆಯನ್ನು ‘ನವನವೋನ್ಮೇಷಶಾಲಿನೀ ಪ್ರಜ್ಞಾ’ (ಹೊಸಹೊಸದಾಗಿ ಅರಳುವ ಪ್ರಜ್ಞೆ) ಎಂದ ಸಂಸ್ಕೃತ ಕಾವ್ಯಮೀಮಾಂಸಕ ಭಟ್ಟತೌತನ ಲಕ್ಷಣದಿಂದ ‘ಉನ್ಮೇಷ’ವನ್ನು ಎತ್ತಿಕೊಳ್ಳಬಹುದು, ಕಣ್ಣು ತೆರೆಯುವುದು, ಅರಳುವುದು ಎಂಬ ಅರ್ಥಗಳು ಬಿರಿದ ಮೊಟ್ಟೆಗೆ ಹೊಂದುತ್ತವೆ. ನನ್ನ ಒಲವು ಮಾತ್ರ ‘ಹೊಳಹು’ ಎಂಬುದರ ಕಡೆಗೆ, ಏಕೆಂದರೆ ಮೆರುಗೂ ಹೊಳೆಯುತ್ತದೆ, ವಿಚಾರವೂ ಹೊಳೆಯುತ್ತದೆ. ಅಳುಕು ಒಂದೇ: ಈಚಿನ ವಿಮರ್ಶೆಯ ಬರಹಗಳಲ್ಲಿ ‘ಹೊಳಹುಗಳು’ ಎಂದು ಬಹುವಚನದಲ್ಲಿ ಬಳಸಿ ಬಳಸಿ ಅದು ಬರಿಯ ಸೂಚನೆ, ಸುಳಿವು ಎಂಬಷ್ಟಕ್ಕೆ ತೆಳುವಾಗಿದೆ.

ನಾಲ್ಕನೆಯದಕ್ಕೆ ಸೂಚಿತವಾಗಿರುವ ‘ಒರೆ’ ಚಿನ್ನದ ಕೆಲಸದ ಪದ. ಮಡಕೆಯನ್ನು ಯಾರೂ ಒರೆಗೆ ಹಚ್ಚುವುದಿಲ್ಲ, ಗೆಣ್ಣಿನಿಂದ ತಟ್ಟಿ ದನಿ ಕೇಳುತ್ತಾರೆ. ಕಾಣದ ಬಿರುಕಿದ್ದರೆ ಸದ್ದು ಮಂಕಾಗಿ ಬರುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಹೀಗೆ ತಟ್ಟಿ ಪರೀಕ್ಷಿಸುವುದಕ್ಕೆ ಹಳೆಯ ಬಳಕೆಯಲ್ಲಾಗಲಿ ಕಸುಬಿನವರ ಮಾತಿನಲ್ಲಾಗಲಿ ಒಂದೇ ಪದವಿದೆಯೇ? ‘ಹದ’, ‘ಹೊಳಹು’ ಎಂಬ ನಾಮಪದಗಳ ಸಾಲಿನಲ್ಲಿ ‘ಮಾಗು’ ಎಂಬ ಧಾತುವನ್ನು ಹಾಗೆಯೇ ನಿಲ್ಲಿಸಬಹುದೇ? ‘ಮಾಗುವಿಕೆ’ ಕಚೇರಿಯ ಭಾಷೆಯಂತೆ ಕೇಳುತ್ತದೆ, ‘ಮಾಗಿ’ ಎಂದರೆ ಚಳಿಗಾಲವಾಗುತ್ತದೆ. ನಾಲ್ಕನ್ನೂ ಕ್ರಿಯಾಪದಗಳನ್ನಾಗಿಸಿದರೆ ಮೂರನೆಯದು ‘ಹೊಳೆ’ ಎಂದಾಗಿ, ನೋಡುವವರು ಶಿಲ್ಪದಲ್ಲಿ ನದಿಯನ್ನು ಹುಡುಕತೊಡಗಿದರೆ ಏನು ಮಾಡುವುದು?