ವಿಯೆಟ್ನಾಮಿನ ಮನೆಯಡುಗೆ: ಫೋ ಕೆಟ್ಟಿತು, ಎಲ್ಲಿಂದ ಆರಂಭಿಸಲಿ?

ಪ್ರಶ್ನೆ

ನಮಸ್ಕಾರ. ವಿಯೆಟ್ನಾಮಿನ ಅಡುಗೆಯನ್ನು ಮನೆಯಲ್ಲೇ ಕಲಿಯಬೇಕೆಂಬುದು ನನ್ನ ಬಹುದಿನಗಳ ಆಸೆ. ಆ ದೇಶದ ಹೆಸರು ಕೇಳಿದೊಡನೆ ನೆನಪಾಗುವುದು ಫೋ ಎಂಬ ನೂಡಲ್ಸ್ ಸಾರು. ಹಾಗಾಗಿ ಕಳೆದ ಭಾನುವಾರ ಅದಕ್ಕೇ ಕೈಹಾಕಿದೆ. ಕೋಳಿಯ ಮೂಳೆ, ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ರಮೊಗ್ಗು, ಚಕ್ಕೆ, ಲವಂಗ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ ಮೂರು ಗಂಟೆ ಕೊತಕೊತ ಕುದಿಸಿದೆ. ಸಾರು ತಿಳಿಯಾಗಲಿಲ್ಲ, ಅಕ್ಕಿ ತೊಳೆದ ನೀರಿನಂತೆ ಕದಡಿಹೋಯಿತು, ಕುಡಿದ ಮೇಲೆ ಗಂಟಲಲ್ಲಿ ಕಹಿ ಉಳಿಯಿತು. ತಪ್ಪಿದ್ದು ಎಲ್ಲಿ? ಹೊಸದಾಗಿ ಕಲಿಯುವವರು ಮೊದಲು ಮಾಡಿ ನೋಡಬೇಕಾದ ಅಡುಗೆಗಳು ಯಾವುವು? ಮನೆಯಲ್ಲಿ ಒಬ್ಬರು ಸಸ್ಯಾಹಾರಿಗಳಿದ್ದಾರೆ. ಅವರಿಗೂ ಏನಾದರೂ ಸೂಚಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಸಾರು ಕದಡಲು ಕಾರಣ ಆ ಕೊತಕೊತ ಕುದಿತವೇ. ಜೋರಾಗಿ ಕುದಿಯುವಾಗ ಮೂಳೆಯ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಬೆರೆತುಬಿಡುತ್ತದೆ; ಆಮೇಲೆ ಎಷ್ಟು ಸೋಸಿದರೂ ತಿಳಿಯಾಗುವುದಿಲ್ಲ. ಮೂಳೆಗಳನ್ನು ಮೊದಲು ಐದಾರು ನಿಮಿಷ ಕುದಿಸಿ, ಆ ನೀರನ್ನು ಪೂರ್ತಿ ಚೆಲ್ಲಿ, ಮೂಳೆಯನ್ನೂ ಪಾತ್ರೆಯನ್ನೂ ತೊಳೆದು, ಹೊಸ ತಣ್ಣೀರಿನಲ್ಲಿ ಮತ್ತೆ ಸಣ್ಣ ಉರಿಗೆ ಇಡಿ. ನೀರಿನ ಮೇಲೆ ಆಗೊಂದು ಈಗೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಕೋಳಿಗೆ ಎರಡು ಗಂಟೆ ಧಾರಾಳವಾಯಿತು. ದನದ ಮೂಳೆಗಾದರೆ ಆರು ಗಂಟೆಗೂ ಹೆಚ್ಚು ಬೇಕು. ಕಹಿಗೆ ಕಾರಣ ಮಸಾಲೆಯನ್ನು ಮೊದಲಿನಿಂದಲೇ ಬೇಯಿಸಿದ್ದು. ಅದನ್ನು ಎಣ್ಣೆಯಿಲ್ಲದೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೊನೆಯ ಮುಕ್ಕಾಲು ಗಂಟೆ ಮಾತ್ರ ಸಾರಿನಲ್ಲಿಡಿ. ಶುಂಠಿ, ಈರುಳ್ಳಿಗಳ ಕರಕಲು ಸಿಪ್ಪೆಯನ್ನು ಕೆರೆದು ತೆಗೆಯುವುದನ್ನೂ ಮರೆಯಬೇಡಿ.

ಆದರೆ ನನ್ನ ಅಭಿಪ್ರಾಯದಲ್ಲಿ ಫೋ ಆರಂಭಿಸಲು ತಕ್ಕ ಅಡುಗೆಯಲ್ಲ. 20ನೇ ಶತಮಾನದ ಆರಂಭದಲ್ಲಿ ಹನೋಯ್, ನಾಮ್ ದಿನ್ ಕಡೆ ಕಾವಡಿ ಹೊತ್ತ ವ್ಯಾಪಾರಿಗಳು ಬೀದಿಬೀದಿಯಲ್ಲಿ ಮಾರುತ್ತಿದ್ದ ತಿನಿಸು ಅದು. 1954ರಲ್ಲಿ ದೇಶ ಇಬ್ಭಾಗವಾಗಿ ಉತ್ತರದವರು ಲಕ್ಷಾಂತರ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಬಂದಾಗ ಅದೂ ಅವರೊಂದಿಗೆ ಹೋಗಿ, ಅಲ್ಲಿ ಮೊಳಕೆಕಾಳು, ತುಳಸಿಯ ಜಾತಿಯ ಸೊಪ್ಪುಗಳನ್ನು ಕೂಡಿಸಿಕೊಂಡಿತು. ಇಂದಿಗೂ ಅಲ್ಲಿನ ಬಹಳಷ್ಟು ಜನ ಅದನ್ನು ಅಂಗಡಿಯಲ್ಲಿ ಕುಳಿತು ತಿನ್ನುತ್ತಾರೆ. ಮನೆಯ ಊಟವೆಂದರೆ ಅನ್ನ, ಜೊತೆಗೆ ಉಪ್ಪುಪ್ಪಾಗಿ ಬತ್ತಿಸಿದ ಒಂದು ಮೀನು ಅಥವಾ ಮಾಂಸ, ಕಾನ್ ಎಂಬ ತಿಳಿಸಾರು, ಒಂದಿಷ್ಟು ಸೊಪ್ಪು ತರಕಾರಿ. ಇವೆಲ್ಲವನ್ನೂ ನಡುವೆ ಇಟ್ಟುಕೊಂಡು ಮನೆಮಂದಿ ಹಂಚಿಕೊಂಡು ಉಣ್ಣುತ್ತಾರೆ. ನೀವು ಕಲಿಯಬೇಕಾದದ್ದು ಈ ಊಟವನ್ನು.

ಉತ್ತರ 2

ಮೇಲಿನವರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆ ಬತ್ತಿಸಿದ ಅಡುಗೆಗೆ ಖೋ ಎನ್ನುತ್ತಾರೆ. ಮಣ್ಣಿನ ಕುಡಿಕೆಯಲ್ಲಿ ಮಾಡುವ ಮೀನಿನ ಖೋ, ಅಂದರೆ ಕಾ ಖೋ ತೋ, ದಕ್ಷಿಣದ ಮನೆಗಳಲ್ಲಿ ತೀರ ಸಾಮಾನ್ಯ. ಇದರ ಜೀವಾಳ ಸುಟ್ಟ ಸಕ್ಕರೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಸಕ್ಕರೆಗೆ ಒಂದು ಚಮಚ ನೀರು ಸೇರಿಸಿ ಸಣ್ಣ ಉರಿಯಲ್ಲಿಡಿ. ಅದು ಮೊದಲು ಜೇನಿನ ಬಣ್ಣಕ್ಕೆ ಬರುತ್ತದೆ, ಆಮೇಲೆ ತಾಮ್ರದ ಬಣ್ಣಕ್ಕೆ, ಕೊನೆಗೆ ಹಾಲಿಲ್ಲದ ಕಡು ಚಹಾದ ಬಣ್ಣಕ್ಕೆ. ಅಂಚಿನಿಂದ ನೂಲಿನಂಥ ಹೊಗೆ ಎದ್ದ ಕ್ಷಣ ಅರ್ಧ ಲೋಟ ಬಿಸಿ ಎಳನೀರು ಸುರಿಯಿರಿ. ಸಿಡಿಯುತ್ತದೆ, ಮುಖ ದೂರವಿರಲಿ. ಈ ಹಂತದಲ್ಲಿ ಸಿಹಿ ಹೆಚ್ಚುಕಡಿಮೆ ಸತ್ತು ಹಿತವಾದ ಕಹಿ ಹುಟ್ಟಿರುತ್ತದೆ, ಅದೇ ಬೇಕಾದದ್ದು. ನಂತರ ಮೀನಿನ ತುಂಡು, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಎರಡು ಚಮಚ ನ್ವೊಕ್ ಮಾಮ್, ಕುಟ್ಟಿದ ಕಾಳುಮೆಣಸು ಹಾಕಿ, ರಸ ಮೀನಿಗೆ ಅಂಟಿಕೊಳ್ಳುವವರೆಗೆ ಮುಕ್ಕಾಲು ಗಂಟೆ ಬತ್ತಿಸಿ. ನಡುವೆ ಸೌಟು ಆಡಿಸಬೇಡಿ, ಮೀನು ಪುಡಿಯಾಗುತ್ತದೆ.

ನ್ವೊಕ್ ಮಾಮ್ ಎಂದರೆ ಸಣ್ಣ ಮೀನನ್ನು ಉಪ್ಪಿನೊಂದಿಗೆ ಸುಮಾರು ಒಂದು ವರ್ಷ ಹುದುಗಿಸಿ ಇಳಿಸಿದ ರಸ. ಫು ಕ್ವೋಕ್ ದ್ವೀಪದ ರಸಕ್ಕೆ 2012ರಲ್ಲಿ ಯುರೋಪಿಯನ್ ಒಕ್ಕೂಟ ಮೂಲಸ್ಥಳದ ಹೆಸರಿನ ರಕ್ಷಣೆ ನೀಡಿದೆ. ಕೊಳ್ಳುವಾಗ ಸೀಸೆಯ ಚೀಟಿ ಓದಿ: ಮೀನು ಮತ್ತು ಉಪ್ಪು ಇವೆರಡೇ ಇದ್ದರೆ ಒಳ್ಳೆಯದು. ಖೋ ಜೊತೆಗೆ ಹುಣಸೆಹಣ್ಣು, ಅನಾನಸ್, ಟೊಮೆಟೊ, ಬೆಂಡೆಕಾಯಿ ಹಾಕಿದ ಕಾನ್ ಚುವಾ ಎಂಬ ಹುಳಿಸಾರು ಇದ್ದರೆ ಊಟ ಪೂರ್ತಿಯಾಯಿತು. ಮೆಕಾಂಗ್ ನದಿಯ ಬಯಲಿನಲ್ಲಿ ಈ ಎರಡನ್ನೂ ಜೋಡಿಯಾಗಿಯೇ ಬಡಿಸುವುದು ರೂಢಿ, ಒಂದರ ಉಪ್ಪನ್ನು ಇನ್ನೊಂದರ ಹುಳಿ ತೊಳೆಯುತ್ತದೆ.

ಉತ್ತರ 3

ಸಸ್ಯಾಹಾರಿಗಳ ಬಗ್ಗೆ ನೀವು ಚಿಂತಿಸಬೇಕಿಲ್ಲ. ವಿಯೆಟ್ನಾಮಿನ ಬೌದ್ಧರಲ್ಲಿ ಹಲವರು ಚಾಂದ್ರಮಾಸದ 1 ಮತ್ತು 15ನೆಯ ದಿನ ಮಾಂಸ ಮುಟ್ಟುವುದಿಲ್ಲ; ಆ ಊಟಕ್ಕೆ ಚಾಯ್ ಎಂದು ಹೆಸರು, ಹಳೆಯ ರಾಜಧಾನಿ ಹುವೆಯಲ್ಲಿ ಅದರ ಪರಂಪರೆ ಬಹಳ ಶ್ರೀಮಂತವಾದದ್ದು. ಅವರಿಗೆ ಗೋಯ್ ಕುವೋನ್ ಮಾಡಿಕೊಡಿ: ಅಕ್ಕಿಯ ತೆಳು ಹಾಳೆಯೊಳಗೆ ಬೇಯಿಸಿದ ಅಕ್ಕಿ ಶ್ಯಾವಿಗೆ, ಹುರಿದ ತೋಫು, ಸೌತೆಕಾಯಿ, ಪುದೀನ, ಕೊತ್ತಂಬರಿ ಇಟ್ಟು ಸುತ್ತುವುದು. ಹಾಳೆಯನ್ನು ನೀರಿನಲ್ಲಿ ನೆನೆಹಾಕಬೇಡಿ. ಒಮ್ಮೆ ಅದ್ದಿ, ಇನ್ನೂ ಗಡುಸಾಗಿರುವಾಗಲೇ ಮಣೆಯ ಮೇಲೆ ಹರಡಿ. ನೀವು ಸೊಪ್ಪು ಜೋಡಿಸುವಷ್ಟರಲ್ಲಿ ಅದು ತಾನಾಗಿಯೇ ಮೆದುವಾಗುತ್ತದೆ. ಮೊದಲೇ ಮೆದುವಾದದ್ದು ಸುತ್ತುವಾಗ ಹರಿಯುವುದು ಖಚಿತ.

ಅದ್ದಿಕೊಳ್ಳುವ ನ್ವೊಕ್ ಚಾಮ್‌ಗೆ ನಾನು ಪಾಲಿಸುವ ಅಳತೆ ಇದು: ನಿಂಬೆರಸ, ಸಕ್ಕರೆ, ನ್ವೊಕ್ ಮಾಮ್ ಒಂದೊಂದು ಪಾಲು, ಬೆಚ್ಚಗಿನ ನೀರು ನಾಲ್ಕು ಪಾಲು, ಕೊನೆಗೆ ಕೊಚ್ಚಿದ ಬೆಳ್ಳುಳ್ಳಿ, ಮೆಣಸಿನಕಾಯಿ. ಸಸ್ಯಾಹಾರಿಗಳಿಗೆ ನ್ವೊಕ್ ಮಾಮ್ ಬದಲು ಸೋಯಾ ಸಾಸ್ ಹಾಕಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಕಾ ಖೋ ಮಾಡಿದೆ. ತಾಮ್ರದ ಬಣ್ಣ ಬಂದೊಡನೆ ಸಕ್ಕರೆ ಸೀದುಹೋದೀತೆಂದು ಹೆದರಿ ಎಳನೀರು ಸುರಿದುಬಿಟ್ಟೆ. ರಸ ತಿಳಿಬಣ್ಣದ್ದಾಗಿ, ಸ್ವಲ್ಪ ಹೆಚ್ಚೇ ಸಿಹಿಯಾಯಿತು. ಆದರೂ ಕಾನ್ ಚುವಾದೊಂದಿಗೆ ಅನ್ನ ಎರಡು ಸಲ ಹಾಕಿಸಿಕೊಂಡು ಉಂಡೆವು. ಮುಂದಿನ ಸಲ ಹೊಗೆಯ ಎಳೆ ಕಾಣುವವರೆಗೂ ಕೈ ತಡೆದು ಕಾಯುತ್ತೇನೆ.